ತಾಂಬೂಲದ ಜೊತೆ ಹೆವಿ ಮೆಟಲ್

ವರಮಹಾಲಕ್ಷ್ಮಿ ಹಬ್ಬದ ಮಧ್ಯಾಹ್ನ ಮೂರು ಗಂಟೆಗೆ ಸುಧಾಮಣಿಯ ಮನೆಯ ಹಾಲ್‌ನಲ್ಲಿ ನಾವು ಮೂವರಿದ್ದೆವು. ಸುಧಾ, ನಾನು, ಮತ್ತು ಮಾವಿನೆಲೆಯ ನಡುವೆ ಜರಿ ಸೀರೆಯುಟ್ಟು ಕುಳಿತಿದ್ದ ಲಕ್ಷ್ಮಿ. ಮೂವರಲ್ಲಿ ನೆಮ್ಮದಿಯಾಗಿದ್ದವಳು ಲಕ್ಷ್ಮಿಯೊಬ್ಬಳೇ.

ಸಂಜೆ ಐದಕ್ಕೆ ನಮ್ಮ ಕ್ರಾಸಿನ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬರುವವರು. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಎಲ್ಲ ರೆಡಿ. ಆದರೆ ತಾಂಬೂಲದ ಜೊತೆ ಕೊಡಲು ಆರ್ಡರ್ ಮಾಡಿದ್ದ ಸ್ಟೀಲಿನ ಕುಂಕುಮದ ಡಬ್ಬಿಗಳು ಬಂದಿಲ್ಲ. ಬೆಳಿಗ್ಗೆಯಿಂದ ಫೋನು ಒಂದೇ ಮಾತು ಹೇಳುತ್ತಿತ್ತು, ಸಾಮಾನು ದಾರಿಯಲ್ಲಿದೆ ಅಂತ. ಯಾವ ದಾರಿ ಎಂದು ಮಾತ್ರ ಹೇಳುತ್ತಿರಲಿಲ್ಲ.

"ಬರೀ ಎಲೆ ಅಡಿಕೆ ಕೊಟ್ಟು ಕಳ್ಸೋಕಾಗತ್ತೇನೇ?" ಎಂದಳು ಸುಧಾ. "ಹೋದ್ವರ್ಷ ಕಾರ್ನರ್ ಮನೆಯವರು ಸೊಸೆ ಹಾಡಿದ ದೇವರನಾಮದ ಪೆನ್ ಡ್ರೈವ್ ಕೊಟ್ರು."

ಅಷ್ಟು ಹೇಳಿದವಳ ಕಣ್ಣು ಅಗಲವಾಯಿತು. ಎದ್ದು ಮಗನ ರೂಮಿಗೆ ಹೋಗಿ ಮಂಚದ ಕೆಳಗಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ತಂದಳು. ಒಳಗೆ ನೂರು ಕ್ಯಾಸೆಟ್ಟು.

ಸರಿಯಾಗಿಯೇ ಓದಿದಿರಿ. ಕ್ಯಾಸೆಟ್ಟು. ಪೆನ್ಸಿಲ್ ಹಾಕಿ ತಿರುಗಿಸುತ್ತಿದ್ದೆವಲ್ಲ, ಅದೇ.

ಸುಧಾಳ ಮಗ ಚೇತನ್‌ಗೆ ಇಪ್ಪತ್ತಾರು. ಹಗಲು ಹೊತ್ತು ರಾಜಾಜಿನಗರದ ಒಂದು ಡೆಂಟಲ್ ಲ್ಯಾಬಿನಲ್ಲಿ ಕೃತಕ ಹಲ್ಲು ತಯಾರಿಸುತ್ತಾನೆ. (ನಮ್ಮ ಕ್ರಾಸಿನ ಎಷ್ಟೋ ನಗುಗಳು ಅವನ ಕೈಕೆಲಸ. ನನ್ನದೂ ಒಂದೆರಡು ಹಲ್ಲಿನ ಮಟ್ಟಿಗೆ.) ಸಂಜೆ ಮತ್ತು ಭಾನುವಾರ ಅವನು ಹೆವಿ ಮೆಟಲ್ ಬ್ಯಾಂಡಿನಲ್ಲಿ ಹಾಡುತ್ತಾನೆ. ಅದು ಹಾಡು ಎಂದು ಅವನು ಹೇಳುತ್ತಾನೆ. ಮೊದಲ ಸಲ ಅವನ ಫೋನಿನಲ್ಲಿ ಕೇಳಿದಾಗ ನಾನು ಸುಧಾಗೆ, ಹುಡುಗನಿಗೆ ಮೆಣಸು ಜೀರಿಗೆ ಕಷಾಯ ಮಾಡಿಕೊಡು ಎಂದಿದ್ದೆ.

ಚೇತನ್‌ನನ್ನು ಕೇಳಿದೀಯಾ ಎಂದು ನಾನು ಕೇಳಿದೆ. ಖಂಡಿತ ಕೇಳಿದೆ. ಇದನ್ನು ಎಲ್ಲರೂ ಗಮನಿಸಬೇಕು.

"ಆರು ವರ್ಷದಿಂದ ಹಾಡ್ತಿದಾನೆ ಕಣೇ," ಎಂದಳು. "ಈ ರಸ್ತೇಲಿ ಒಬ್ರಿಗೂ ಅವನ ಹಾಡು ಗೊತ್ತಿಲ್ಲ. ಆ ಕಾರ್ನರ್ ಮನೆ ಸೊಸೆ ಹಾಡು ಎಲ್ಲರ ಮನೇಲಿದೆ."

ನಾನು ಕತ್ತರಿ ಕೈಗೆತ್ತಿಕೊಂಡೆ.

ಕತ್ತರಿ ಯಾಕೆಂದರೆ, ಕ್ಯಾಸೆಟ್ಟಿನ ಡಬ್ಬಿ ಕಾಡಿಗೆಯಷ್ಟು ಕಪ್ಪು. ಅದರ ಮೇಲೆ ಆಲದ ಬೇರು ಸಿಕ್ಕು ಹಾಕಿಕೊಂಡಂತೆ ಬಿಳಿ ಗೆರೆಗಳು. ಅದು ಬ್ಯಾಂಡಿನ ಹೆಸರಂತೆ. ಓದಲು ಆಗುವುದಿಲ್ಲ, ಆಗಬಾರದಂತೆ. ತಾಂಬೂಲಕ್ಕೆ ಕಪ್ಪು ವಸ್ತು ಇಡುವುದುಂಟೇ? ಹಳದಿ ಗಿಫ್ಟ್ ಪೇಪರ್ ತಂದು ಒಂದೊಂದನ್ನೂ ಸುತ್ತಿದೆವು. ಬೆರಳಿಗೆಲ್ಲ ಗೋಂದು. ಐದು ಗಂಟೆಗೆ ಎಲೆಯಡಿಕೆಯ ಪಕ್ಕದಲ್ಲಿ ಹಳದಿ ಪೊಟ್ಟಣಗಳು ಬೆಣ್ಣೆ ಬಿಸ್ಕತ್ತಿನಂತೆ ಸಾಲಾಗಿ ಕುಳಿತವು. ರಾತ್ರಿ ಊಟದ ಹೊತ್ತಿಗೆ ನಲವತ್ತೊಂದು ಮನೆಗೆ ಹೆವಿ ಮೆಟಲ್ ತಲುಪಿತು.

ಸುಧಾ ಆ ದಿನ ಎಷ್ಟು ಖುಷಿಯಾಗಿದ್ದಳೆಂದರೆ, ಹಬ್ಬದ ಆಯಾಸವೇ ಅವಳ ಮುಖದಲ್ಲಿ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಮನೆಯ ಬೆಲ್ ಆಯಿತು. ಬಾಗಿಲಲ್ಲಿ ಚೇತನ್. ಅವನ ಹಿಂದೆ, ಅವನಿಗಿಂತ ಒಂದಡಿ ಎತ್ತರಕ್ಕೆ, ನಾಗೇಶ.

ನಾಗೇಶ ಬ್ಯಾಂಡಿನ ಡ್ರಮ್ಮರ್. ಹೇರೋಹಳ್ಳಿಯ ಹಳೆಯ ಒಕ್ಕಲು ಮನೆತನದವನು. ಹೊಲಗಳು ಸೈಟಾದವು, ಹಸುಗಳು ಹೋದವು, ಕೊಟ್ಟಿಗೆ ಮಾತ್ರ ಉಳಿಯಿತು. ಆ ಕೊಟ್ಟಿಗೆಯ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ಸದ್ದು ಆಚೆ ಹೋಗದಂತೆ ಮಾಡಿ, ಒಳಗೆ ಇವರು ಪ್ರಾಕ್ಟೀಸ್ ಮಾಡುತ್ತಾರೆ. ಹಗಲಲ್ಲಿ ನಾಗೇಶ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಾನೆ. ಬೆನ್ನಿನ ಅರ್ಧಕ್ಕೆ ಬರುವ ಕೂದಲು. ನಾನು ಆಸೆಪಡುವಂಥ ಕೂದಲು.

ಚೇತನ್ ಸೋಫಾದಲ್ಲಿ ಕುಸಿದ. ನಾಗೇಶ ನಿಂತೇ ಇದ್ದ. ವಿಷಯ ಹೊರಬಂತು. ಆ ನೂರು ಕ್ಯಾಸೆಟ್ಟು ಬರುವ ಶನಿವಾರದ ಶೋಗೆಂದು ಮಾಡಿಸಿದ್ದು. ಮೊದಲು ಬಂದ ನೂರು ಜನಕ್ಕೆ ಒಂದೊಂದು. ನೂರೇ ನೂರು, ಆಮೇಲೆ ಇನ್ನೆಂದೂ ಇಲ್ಲ ಎಂದು ಎಲ್ಲ ಕಡೆ ಪೋಸ್ಟ್ ಹಾಕಿಯಾಗಿದೆ. ಒಂದೊಂದರ ಮೇಲೂ ಕೈಯಲ್ಲಿ ನಂಬರ್ ಬರೆದಿದ್ದಾರೆ.

ನಾನು ಸಮಾಧಾನಕ್ಕೆಂದು, ಹೆಚ್ಚು ಜನಕ್ಕೆ ತಲುಪಿದರೆ ಒಳ್ಳೆಯದೇ ಅಲ್ಲವೇನಪ್ಪ ಎಂದೆ.

ಹೇಳಬಾರದಿತ್ತು. ಮುಂದಿನ ಅರ್ಧ ಗಂಟೆ ನಾಗೇಶ ನನಗೆ ಕ್ಲಾಸ್ ತೆಗೆದುಕೊಂಡ. ವಿಷಯ: ಮೇನ್‌ಸ್ಟ್ರೀಮ್. ನನಗೆ ತಿಳಿದಷ್ಟು ಹೇಳುತ್ತೇನೆ. ಉಳಿದ ಸಂಗೀತದಲ್ಲಿ ಜನಪ್ರಿಯತೆ ವರ, ಇವರದರಲ್ಲಿ ಅದು ರೋಗ. ಒಂದು ಬ್ಯಾಂಡು ಎಲ್ಲರಿಗೂ ಗೊತ್ತಾಯಿತೆಂದರೆ ಅದು ಕೆಟ್ಟಿತು. ಕಷ್ಟಪಟ್ಟು ಹುಡುಕಿ ಕೇಳುವವನೇ ನಿಜವಾದ ಕೇಳುಗ. ಅದಕ್ಕೇ ಕ್ಯಾಸೆಟ್ಟು. ಯಾರ ಮನೆಯಲ್ಲೂ ಅದನ್ನು ಹಾಕುವ ಯಂತ್ರ ಇಲ್ಲವಾದ್ದರಿಂದ, ಯಂತ್ರ ಹುಡುಕಿಕೊಂಡು ಹೋಗಿ ಕೇಳುವ ನೂರು ಜನ ಸಾಕು.

ನನಗೆ ಅನುಮಾನಗಳಿದ್ದವು. ಹಾಗಾದರೆ ಫಾರಿನ್ನಿನಲ್ಲಿ ಸ್ಟೇಡಿಯಂ ತುಂಬಿಸುವ ಮೆಟಲ್ ಬ್ಯಾಂಡುಗಳು?

"ಅವರು ಒಂದ್ ಕಾಲದಲ್ಲಿ ಚೆನ್ನಾಗಿದ್ರು ಆಂಟಿ," ಎಂದ, ತೀರಿಕೊಂಡವರ ಬಗ್ಗೆ ಹೇಳುವ ಧಾಟಿಯಲ್ಲಿ.

ಸರಿ, ಕೆಟ್ಟರು ಎಂದು ಗೊತ್ತಾಗುವುದು ಹೇಗೆ? ರೇಡಿಯೋದಲ್ಲಿ ಬಂದಾಗಲೇ? ಇಲ್ಲ, ಕೆಲವರು ಬಂದರೂ ಕೆಡಲಿಲ್ಲ. ಲಕ್ಷ ಜನ ಕೊಂಡಾಗಲೇ? ಅದೂ ಅಲ್ಲ. ಅಳತೆಗೋಲು ನಮ್ಮ ಏರಿಯಾದ ನೀರಿನ ಟೈಮಿನಂತೆ ಬದಲಾಗುತ್ತಲೇ ಇತ್ತು. ಕೊನೆಗೆ ಚೇತನ್ ತಲೆಯೆತ್ತಿ, ಹೊಸಹಳ್ಳಿ ಮೆಟ್ರೋ ಕೆಳಗಿನ ಫುಟ್‌ಪಾತಿನಲ್ಲಿ ಟೀ ಶರ್ಟ್ ನೇತು ಹಾಕಿದರೆ ಬ್ಯಾಂಡ್ ಮುಗಿಯಿತು ಎಂದು ನೀನೇ ಹೇಳಿದ್ದೆ ಗುರು, ಎಂದು ನೆನಪಿಸಿದ.

ಇದು ನನಗೆ ಅರ್ಥವಾಯಿತು. ನಮಗೆ ಸೊಪ್ಪು ಕೊಡುವವರು ಕೊಂಬಿನ ಬುರುಡೆಯ ಟೀ ಶರ್ಟ್ ಹಾಕುತ್ತಾರೆ. ಬುರುಡೆಯ ಬಾಯಿಂದ ಬೆಂಕಿ. ಒಮ್ಮೆ ಇದು ಯಾರ ಚಿತ್ರ ಎಂದು ಕೇಳಿದ್ದೆ. ಗೊತ್ತಿಲ್ಲಮ್ಮ, ಬಟ್ಟೆ ಚೆನ್ನಾಗಿದೆ, ಬೆವರು ಹೀರತ್ತೆ ಎಂದಿದ್ದರು.

ಈಗ ಹೇಳಿ. ಆ ಬುರುಡೆಯನ್ನು ನಮ್ಮ ರಸ್ತೆಯ ಎಲ್ಲರೂ ದಿನಾ ನೋಡುತ್ತಾರೆ. ಅದರ ಹಾಡನ್ನು ಒಬ್ಬರೂ ಕೇಳಿಲ್ಲ. ಇದು ಜನಪ್ರಿಯತೆಯೇ? ಗುಡಿಯ ಮೈಕಿನಲ್ಲಿ ಬೆಳಿಗ್ಗೆ ಬರುವ ಹಾಡು ನಮ್ಮೆಲ್ಲರ ಕಿವಿಗೂ ಬೀಳುತ್ತದೆ. ನಾವು ಆಗ ಹಾಲು ಉಕ್ಕದಂತೆ ನೋಡುತ್ತಿರುತ್ತೇವೆ. ಅದು?

ನಾಗೇಶನಿಗೆ ಇಂಥ ಪ್ರಶ್ನೆಗಳಲ್ಲಿ ಆಸಕ್ತಿಯಿರಲಿಲ್ಲ. ನಲವತ್ತೊಂದೂ ವಾಪಸ್ ಬರಬೇಕು.

"ಬರ್ಲಿಲ್ಲ ಅಂದ್ರೆ ಶನಿವಾರ ನಾನು ಡ್ರಮ್ಸ್ ಮೇಲೆ ಕೂರಲ್ಲ. ಬ್ಯಾಂಡೂ ಸಾಕು ಮಗಾ," ಎಂದ ಚೇತನ್‌ಗೆ.

ಚೇತನ್ ನೆಲ ನೋಡಿದ. ಆರು ವರ್ಷ. ಡ್ರಮ್ಮರ್ ಇಲ್ಲದೆ ಶೋ ಇಲ್ಲ, ಕೊಟ್ಟಿಗೆ ಇಲ್ಲದೆ ಬ್ಯಾಂಡೇ ಇಲ್ಲ. ನೀನೇ ಹೋಗಿ ಕೇಳಿ ತರಬಹುದಲ್ಲ ಎಂದೆ. ಅವನು ಆಗಲ್ಲವೆಂದು ತಲೆಯಾಡಿಸಿದ.

"ನಾನು ಹೋದ್ರೆ ಅಮ್ಮಂಗೆ ಗೊತ್ತಾಗತ್ತೆ ಆಂಟಿ. ಅಮ್ಮ ಎರಡು ದಿನದಿಂದ ಹಾಡ್ಕೊಂಡು ಓಡಾಡ್ತಿದಾರೆ."

(ಸುಧಾ, ಈಗ ಇದನ್ನು ಓದುತ್ತಿದ್ದೀಯಲ್ಲ, ಪೇಪರ್ ಕೆಳಗಿಡಬೇಡ. ಪೂರ್ತಿ ಓದು. ಆಮೇಲೆ ಬೈಯುವೆಯಂತೆ.)

ಅರಿಶಿನ ಕುಂಕುಮದ ಜೊತೆ ಮಡಿಲಿಗೆ ಕೊಟ್ಟದ್ದನ್ನು ವಾಪಸ್ ಕೇಳುವುದುಂಟೇ? ನಮ್ಮಜ್ಜಿ ಇದ್ದಿದ್ದರೆ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಆದರೆ ಬದಲಾಯಿಸಬಹುದಲ್ಲ? ಸ್ಟೀಲಿನ ಡಬ್ಬಿಗಳು ಶನಿವಾರ ಬಂದಿದ್ದವು. (ಹಬ್ಬ ಮುಗಿದ ಮಾರನೇ ದಿನ. ಇನ್ಯಾವಾಗ ಬರುತ್ತವೆ?) ಸುಧಾ ಅವನ್ನು ನಮ್ಮನೆಯ ಅಟ್ಟದಲ್ಲೇ ಇಡಿಸಿದ್ದಳು. ಮೊದಲು ಕೊಡಬೇಕೆಂದಿದ್ದದ್ದು ಇದು, ಆತುರದಲ್ಲಿ ಬೇರೆಯದು ಬಂತು ಎಂದು ಹೇಳಿ ಡಬ್ಬಿ ಕೊಟ್ಟು ಕ್ಯಾಸೆಟ್ಟು ತರುವುದು. ಶಾಸ್ತ್ರದಲ್ಲಿ ಇದಕ್ಕೆ ಅವಕಾಶವಿದೆ ಎಂದು ನಾನೇ ಆ ಕ್ಷಣಕ್ಕೆ ತೀರ್ಮಾನಿಸಿದೆ.

ಚೀಲ ಹೊರಲು ನಾಗೇಶ. ಅವನ ಅಂಗಡಿಗೆ ಮಂಗಳವಾರ ರಜೆ, ಮಂಗಳವಾರ ಹೋಗೋಣ ಎಂದ. ಮಂಗಳವಾರ ಯಾವ ಮನೆಯವರು ಲಕ್ಷ್ಮಿಯ ಪ್ರಸಾದ ಹೊರಗೆ ಕೊಡುತ್ತಾರಪ್ಪ? ಬುಧವಾರವೇ ಆಗಬೇಕೆಂದು ನಿಶ್ಚಯವಾಯಿತು.

ಬುಧವಾರ ಹನ್ನೊಂದು ಗಂಟೆಗೆ ಹೊರಟೆವು. ಕಾಟನ್ ಸೀರೆಯಲ್ಲಿ ನಾನು. ಕಪ್ಪು ಬಟ್ಟೆಯಲ್ಲಿ, ಕೈಯಲ್ಲಿ ಕುಂಕುಮದ ಡಬ್ಬಿಗಳ ಚೀಲ ಹಿಡಿದು ನಾಗೇಶ. ಎದುರು ಬಂದ ನಾಯಿ ದಾರಿ ಬಿಟ್ಟಿತು.

ಮೊದಲ ಏಳೆಂಟು ಮನೆ ಸಲೀಸು. ಹಳದಿ ಪೊಟ್ಟಣ ಬಿಚ್ಚಿಯೇ ಇರಲಿಲ್ಲ. ಕೊಟ್ಟರು, ಡಬ್ಬಿ ತೆಗೆದುಕೊಂಡರು, ನಾಗೇಶನ ಕೂದಲಿಗೆ ಯಾವ ಎಣ್ಣೆ ಎಂದು ವಿಚಾರಿಸಿದರು. ಅವನ ಮುಖದಲ್ಲಿ ನಗು ಕಾಣಿಸಿಕೊಳ್ಳತೊಡಗಿತು.

ಆಮೇಲೆ ಜಯಮ್ಮನ ಮನೆ. ಪೊಟ್ಟಣ ಅಲ್ಲಿರಲಿಲ್ಲ. ಭಾನುವಾರ ಕೆಂಗೇರಿ ಕಡೆಯ ಉಲ್ಲಾಳದಲ್ಲಿ ತಂಗಿಯ ಮಗಳ ಸೀಮಂತವಿತ್ತು, ಒಳ್ಳೆ ಪ್ಯಾಕಿಂಗ್ ಇತ್ತು, ಕೊಟ್ಟುಬಿಟ್ಟೆ ಎಂದರು ಜಯಮ್ಮ. ಎರಡು ಮನೆ ಆಚೆ ಇನ್ನೊಂದು ಪೊಟ್ಟಣ ಮಂಗಳಗೌರಿ ಪೂಜೆಯ ತಾಂಬೂಲದಲ್ಲಿ ಹೊಸಹಳ್ಳಿಗೆ ಹೋಗಿತ್ತು.

ನಾಗೇಶನಿಗೆ ಇದು ಅರ್ಥವಾಗಲಿಲ್ಲ. ಬಂದ ಉಡುಗೊರೆಯನ್ನು ಬಿಚ್ಚದೆ ಇನ್ನೊಬ್ಬರಿಗೆ ಕೊಡುತ್ತಾರಾ? ನಾನು ಅವನಿಗೆ ಬ್ಲೌಸ್ ಪೀಸಿನ ಬಗ್ಗೆ ಹೇಳಬೇಕಾಯಿತು. ಶ್ರಾವಣದಲ್ಲಿ ನಮ್ಮ ಕ್ರಾಸಿನಿಂದ ಹೊರಟ ಬ್ಲೌಸ್ ಪೀಸು ವಿಜಯನಗರಕ್ಕೆ ಹೋಗಿ, ಕೆಂಗೇರಿಯಲ್ಲಿ ಗೃಹಪ್ರವೇಶ ಮುಗಿಸಿ, ದಸರಾ ಬೊಂಬೆ ನೋಡಿಕೊಂಡು ಮತ್ತೆ ಕೊಟ್ಟವರ ಮನೆಗೇ ಬರುತ್ತದೆ. ಹೊಲಿಸಿಕೊಂಡವರನ್ನು ನಾನಂತೂ ನೋಡಿಲ್ಲ. ಎಲ್ಲಿಂದ ಹುಡುಕುತ್ತೀಯಪ್ಪ?

ಅವನು ಪಕ್ಕದ ಕಾಂಪೌಂಡಿಗೆ ಒರಗಿದ. ಆರು ವರ್ಷದಲ್ಲಿ ಅವರ ಹಾಡು ಹೇರೋಹಳ್ಳಿಯ ಕೊಟ್ಟಿಗೆ ದಾಟಿ ಬಂದದ್ದೇ ಕಷ್ಟ. ಐದು ದಿನದಲ್ಲಿ ಉಲ್ಲಾಳ.

ಮುಂದಿನ ಮನೆ ಶಾರದಮ್ಮನವರದು. ಅವರು ಅಟ್ಟದಿಂದ ಹಳೆಯ ಟೇಪ್ ರೆಕಾರ್ಡರ್ ಇಳಿಸಿದ್ದರು. (ಯಾರ ಮನೆಯಲ್ಲೂ ಯಂತ್ರವಿಲ್ಲ ಎಂದವರು ನಮ್ಮ ಬಸವೇಶ್ವರನಗರದ ಅಟ್ಟ ನೋಡಿಲ್ಲ.) ಸುಧಾಳ ಮಗ ಹಾಡಿದ್ದಾನೆಂದು ಒಂದು ಸೈಡ್ ಪೂರ್ತಿ ಕೇಳಿದ್ದರು.

"ಮಗು ಯಾಕಪ್ಪ ಅಷ್ಟು ಸಂಕಟ ಪಡ್ತಿದಾನೆ?" ಎಂದು ನಾಗೇಶನನ್ನು ಕೇಳಿದರು.

"ಸಂಕಟ ಅಲ್ಲ ಆಂಟಿ. ಅದು ಹಾಡೋ ಸ್ಟೈಲು."

ಶಾರದಮ್ಮ ನಂಬಲಿಲ್ಲ. ಆದರೆ ಅವರ ಬಾಲ್ಕನಿಗೆ ಪಾರಿವಾಳಗಳು ಬರುವುದು ನಿಂತಿತ್ತು. ಬಲೆ ಹಾಕಿದ್ದರು, ಸಿ.ಡಿ. ನೇತುಹಾಕಿದ್ದರು, ಯಾವುದಕ್ಕೂ ಜಗ್ಗದ ಪಾರಿವಾಳಗಳು ನಮ್ಮ ಚೇತನ್‌ನ ಎರಡನೇ ಹಾಡಿಗೆ ಎದ್ದು ಹೋಗಿದ್ದವು. ಇದನ್ನು ಮಾತ್ರ ಕೊಡಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಕುಂಕುಮದ ಡಬ್ಬಿಯನ್ನೂ ತೆಗೆದುಕೊಂಡು, ನಾಗೇಶನಿಗೆ ಎರಡು ಒಬ್ಬಟ್ಟು ತುಪ್ಪ ಹಾಕಿ ಕೊಟ್ಟರು. ತಿನ್ನುತ್ತಾ ಅವನು ನಕ್ಕುಬಿಟ್ಟ. ಆ ಗಡ್ಡದೊಳಗೆ ಅಷ್ಟು ಒಳ್ಳೆಯ ನಗು ಇತ್ತೆಂದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಪುಟ್ಟಸ್ವಾಮಿಯವರ ಮನೆ ತಲುಪಿದೆವು. ಗೇಟಿನಲ್ಲೇ ಕೇಳಿಸಿತು. ಕಿಟಕಿ ಗಾಜು ಅದುರುತ್ತಿತ್ತು.

ಪುಟ್ಟಸ್ವಾಮಿಯವರು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಪ್ರೆಸ್ ಶಾಪಿನ ಫೋರ್‌ಮನ್ ಆಗಿದ್ದವರು. ತಗಡಿಗೆ ಅಚ್ಚು ಹೊಡೆಯುವ ಭಾರೀ ಪವರ್ ಪ್ರೆಸ್‌ಗಳ ನಡುವೆ ಮೂವತ್ತು ವರ್ಷ. ಆ ಸದ್ದು ಅವರ ಕಿವಿಯನ್ನು ತಿಂದುಹಾಕಿತು. ಮದುವೆ ಮನೆಗಳಲ್ಲಿ ಅವರು ಎಲ್ಲರನ್ನೂ ನೋಡಿ ನಗುತ್ತಾ ಕೂರುತ್ತಾರೆ, ನಾವೂ ದೂರದಿಂದಲೇ ಕೈ ಮುಗಿದು ಮುಂದೆ ಹೋಗುತ್ತೇವೆ. ಕಿವಿಗೆ ಹಾಕುವ ಮಿಷನ್ನು ಬೀರುವಿನಲ್ಲಿದೆ. ಅದರಲ್ಲಿ ಹೆಂಡತಿಯ ಮಾತು, ಕುಕ್ಕರಿನ ಸೀಟಿ, ಬಸ್ಸಿನ ಹಾರನ್ನು ಎಲ್ಲ ಒಂದೇ ಮುದ್ದೆಯಾಗುತ್ತದಂತೆ.

ಹೆಂಡತಿ ರತ್ನಮ್ಮ ಬಾಗಿಲು ತೆಗೆದರು. ನಡೆದದ್ದನ್ನು ಅವರೇ ಹೇಳಿದರು. ಸುಧಾಳ ಮೇಲಿನ ಗೌರವಕ್ಕೆ ಕ್ಯಾಸೆಟ್ಟು ಹಾಕಿದರಂತೆ. ಅರ್ಧ ನಿಮಿಷಕ್ಕೆ ಹೆದರಿ ನಿಲ್ಲಿಸಲು ಓಡಿದರಂತೆ. ಕುರ್ಚಿಯಲ್ಲಿದ್ದ ಪುಟ್ಟಸ್ವಾಮಿ ಕೈ ಅಡ್ಡ ಹಿಡಿದರಂತೆ. ಶನಿವಾರದಿಂದ ಹೀಗೇ.

ಒಳಗೆ ಅವರು ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಕುಳಿತಿದ್ದರು. ರತ್ನಮ್ಮ ಭುಜ ಮುಟ್ಟಿ ನಾಗೇಶನನ್ನು ತೋರಿಸಿ, ಗಾಳಿಯಲ್ಲಿ ಡ್ರಮ್ ಬಾರಿಸುವಂತೆ ಕೈಯಾಡಿಸಿದರು. ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಕಾಲಿನ ಹತ್ತಿರ ನೋಟ ನಿಂತಿತು.

"ಎರಡೂ ಕಾಲಲ್ಲಿ ಹೊಡೀತೀಯಾ?"

ನಾಗೇಶ ಹೌದೆಂದು ತಲೆಯಾಡಿಸಿದ. ಇವರ ದೊಡ್ಡ ಡ್ರಮ್ಮಿಗೆ ಕಾಲಿಗೊಂದರಂತೆ ಎರಡು ಪೆಡಲ್ ಇರುತ್ತವಂತೆ.

"ಮೂರನೇ ಹಾಡು. ಅರ್ಧ ಆದ್ಮೇಲೆ ಎಡಗಾಲು ಹಿಂದೆ ಬೀಳತ್ತೆ."

ನಾನು ನಾಗೇಶನ ಮುಖ ನೋಡಿದೆ. ಅದು ನಿಜ ಎಂದು ಅವನು ಹೇಳಬೇಕಾಗಿರಲಿಲ್ಲ. ರೆಕಾರ್ಡಿಂಗ್ ಆದ ದಿನದಿಂದ ಅವನೊಬ್ಬನಿಗೇ ಗೊತ್ತಿದ್ದ ತಪ್ಪಂತೆ ಅದು. ಬ್ಯಾಂಡಿನವರಿಗೆ ಗೊತ್ತಾಗಿರಲಿಲ್ಲ. ರೆಕಾರ್ಡ್ ಮಾಡಿದವನಿಗೆ ಗೊತ್ತಾಗಿರಲಿಲ್ಲ. ಚೇತನ್‌ಗೂ ಅವನು ಹೇಳಿರಲಿಲ್ಲ.

ಪುಟ್ಟಸ್ವಾಮಿ ಮುಂದುವರಿಸಿದರು. ಅವರ ಶಾಪಿನಲ್ಲಿ ಆರು ಪ್ರೆಸ್ ಇದ್ದವು. ಮೇಜಿನ ಮೇಲೆ ಕೈಯಿಟ್ಟರೆ ಯಾವ ನಂಬರಿನದು ಸಡಿಲವಾಗಿದೆ, ಯಾವುದರ ಮುಂದೆ ಕೂತ ಆಳು ಸುಸ್ತಾಗಿದ್ದಾನೆ ಎಂದು ತಿಳಿಯುತ್ತಿತ್ತು.

"ತಪ್ಪು ಕಾಲಿಂದಲ್ಲ ಕಣಪ್ಪ. ಕೂರೋ ಸ್ಟೂಲು ನಿನ್ನ ಎತ್ತರಕ್ಕೆ ಗಿಡ್ಡ. ಎರಡಿಂಚು ಏರಿಸ್ಕೋ. ತೊಡೆ ಹಿಡಿಯಲ್ಲ."

ರತ್ನಮ್ಮ ಅಷ್ಟರಲ್ಲಿ ಯಂತ್ರ ನಿಲ್ಲಿಸಿ ಕ್ಯಾಸೆಟ್ಟು ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಬದಲಾಯಿಸಲು ಬಂದಿದ್ದೇವೆಂದು ನಾನು ಬಾಗಿಲಲ್ಲೇ ಹೇಳಿದ್ದೆನಲ್ಲ.

"ಇವರು ಒಂದು ಹಾಡು ಪೂರ್ತಿ ಕೇಳಿ ಹನ್ನೆರಡು ವರ್ಷ ಆಗಿತ್ತು," ಎಂದರು ನನಗೆ, ಮೆಲ್ಲಗೆ. ಆಮೇಲೆ ನಾಗೇಶನ ಕಡೆ ಚಾಚಿದರು. "ತಗೋಪ್ಪ. ನಿಮ್ಮದು."

ನಮ್ಮ ಮಾತು ಪುಟ್ಟಸ್ವಾಮಿಯವರಿಗೆ ಕೇಳಿಸಿರಲಿಲ್ಲ. ಸದ್ದು ನಿಂತ ಪೆಟ್ಟಿಗೆಯ ಮೇಲೆ ಅಂಗೈ ಇನ್ನೂ ಹಾಗೇ ಇತ್ತು.

ನಾಗೇಶ ಕ್ಯಾಸೆಟ್ಟು ತೆಗೆದುಕೊಂಡ. ಮೇಲಿನ ನಂಬರ್ ನೋಡಿದ. ತಿರುವಿದ. ಬಗ್ಗಿ ಯಂತ್ರದೊಳಗೆ ಹಾಕಿ, ಎರಡನೇ ಸೈಡ್ ಹಚ್ಚಿದ.

ಹೊರಗೆ ಬಂದೆವು. ಇನ್ನೂ ಹನ್ನೆರಡು ಮನೆ ಬಾಕಿ ಇವೆ ಎಂದೆ.

"ಸಾಕು ಆಂಟಿ. ನೂರು ಜನಕ್ಕೆ ಅಂತ ಹೇಳಿದ್ವಿ. ನೂರು ಜನಕ್ಕೇ ಹೋಗತ್ತೆ. ಯಾವ ನೂರು ಜನ ಅಂತ ಎಲ್ಲೂ ಹಾಕಿಲ್ಲ."

ಅಲ್ಲೇ ನಿಂತು ಚೇತನ್‌ಗೆ ಫೋನ್ ಮಾಡಿದ. ನಾನು ಏನೋ ದೊಡ್ಡ ಮಾತು ನಿರೀಕ್ಷಿಸುತ್ತಿದ್ದೆ. ಮಗಾ, ಶನಿವಾರದೊಳಗೆ ಒಂದು ಎತ್ತರದ ಸ್ಟೂಲ್ ಬೇಕು ಎಂದಷ್ಟೇ ಹೇಳಿದ. ಆ ಕಡೆಯಿಂದ ಚೇತನ್ ನಗುವುದು ನನಗೂ ಕೇಳಿಸಿತು. ಹಲ್ಲಿನ ಅಚ್ಚು ಕೈಯಿಂದ ಬಿದ್ದ ಸದ್ದೂ ಕೇಳಿಸಿತು. (ಯಾರ ಹಲ್ಲೋ ಪಾಪ.)

ಹಾಗಾದರೆ ಮೇನ್‌ಸ್ಟ್ರೀಮ್ ಎಂದರೇನು? ನನಗೆ ಇನ್ನೂ ತಿಳಿದಿಲ್ಲ. ಫೋನಿನಲ್ಲಿ ಬೆರಳಾಡಿಸುತ್ತಾ ಮೂರು ಸೆಕೆಂಡು ಕೇಳಿ ಮುಂದೆ ಹೋಗುವ ಲಕ್ಷ ಜನವೇ? ಪಾರಿವಾಳ ಓಡಿಸಿದ್ದಕ್ಕೆ ಕೃತಜ್ಞರಾಗಿ ಕ್ಯಾಸೆಟ್ಟಿಗೆ ಕುಂಕುಮ ಹಚ್ಚುವ ಶಾರದಮ್ಮನೇ? ಸೀಮಂತದಲ್ಲಿ ಸಿಕ್ಕ ಪೊಟ್ಟಣವನ್ನು ಉಲ್ಲಾಳದಲ್ಲಿ ಯಾರೋ ಈಗ ಬಿಚ್ಚುತ್ತಿರಬಹುದು. ಅವರನ್ನು ಯಾವ ಲೆಕ್ಕಕ್ಕೆ ಹಾಕುವುದು?

ಶನಿವಾರ ಸಂಜೆ ಆರಕ್ಕೆ ಶೋ ಆಯಿತು. ಬಾಗಿಲಲ್ಲಿ ಉಳಿದ ಕ್ಯಾಸೆಟ್ಟುಗಳನ್ನು ಹಂಚಿದರು, ಸಿಗದವರು ಗೊಣಗಿದರು. ಸುಧಾ ರೇಷ್ಮೆ ಸೀರೆಯುಟ್ಟು, ಕಿವಿಗೆ ಹತ್ತಿಯಿಟ್ಟು, ಮೊದಲ ಸಾಲಿನಲ್ಲಿ ಕುಳಿತು ಮಗನ ಪ್ರತಿ ಹಾಡಿಗೂ ಚಪ್ಪಾಳೆ ಹೊಡೆದಳು, ಹಾಡಿನ ಮಧ್ಯದಲ್ಲೂ ಹೊಡೆದಳು. ಕಪ್ಪು ಟೀ ಶರ್ಟಿನ ಹುಡುಗ ಹುಡುಗಿಯರು ತಲೆ ಬೀಸುತ್ತಿದ್ದರು. ನಾನೂ ಸ್ವಲ್ಪ ಬೀಸಿದೆ. ಕುತ್ತಿಗೆ ಇನ್ನೂ ನೋಯುತ್ತಿದೆ. ನೋವಿಗಿಂತ ಖುಷಿಯೇ ಜಾಸ್ತಿ.

ಮಾರನೇ ದಿನ ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ನಾಗೇಶನ ಬೈಕು ಪುಟ್ಟಸ್ವಾಮಿಯವರ ಗೇಟಿನ ಮುಂದೆ ನಿಂತಿತು. ಅವರು ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದು ಹಿಂದೆ ಕುಳಿತರು. ಹೇರೋಹಳ್ಳಿಯ ಕೊಟ್ಟಿಗೆಯ ಕಡೆ ಹೋದರು. ಸಂಜೆ ಸೊಪ್ಪು ಕೊಳ್ಳುವಾಗ ಸಿಕ್ಕ ರತ್ನಮ್ಮ ಹೇಳಿದರು: ರಿಟೈರ್ ಆದಮೇಲೆ ಇದೇ ಮೊದಲ ಸಲ, ಅವತ್ತು ಬೆಳಿಗ್ಗೆ ಅವರು ಟಿಫನ್ ಬಾಕ್ಸ್ ಕಟ್ಟಿಸಿಕೊಂಡು ಹೋದರಂತೆ.